ಹೊಟ್ಟೆ ಕಟ್ಟಿ ಸಾಕಿದ ಮರಿ ಕೆರೆಯಲ್ಲಿ ಕೆಜಿ ತೂಗಿತು

ವರ್ಷ ತುಂಬಿದರೂ ಹೊಂಡದಲ್ಲಿದ್ದ ನನ್ನ ಮೀನುಮರಿಗಳು ನೂರು ಗ್ರಾಂ ದಾಟಿರಲಿಲ್ಲ. ಊರಿನವರು ನಕ್ಕಿದ್ದೇ ನಕ್ಕಿದ್ದು. "ಮೀನಿಗೂ ಏಕಾದಶಿ ಮಾಡಿಸ್ತಿದೀಯೇನಪ್ಪ?" ಅಂದರು. ಏಪ್ರಿಲ್‌ನಲ್ಲಿ ಬಲೆ ಎಳೆದ ದಿನ ಅದೇ ಜನ ಕಾಟ್ಲಾ ಮೀನು ಬೇಕು ಅಂತ ಏರಿ ಮೇಲೆ ಸಾಲಾಗಿ ನಿಂತಿದ್ದರು.

ನಮ್ಮದು ಶಿರಾ ಕಡೆಯ ಕೆರೆ. ತುಂಬಿದಾಗ ಸುಮಾರು 25 ಎಕರೆ. ಸೆಪ್ಟೆಂಬರ್ ಮಳೆಗೆ ನೀರು ಬಂದರೆ ಏಪ್ರಿಲ್ ಹೊತ್ತಿಗೆ ತಳ ಕಾಣುತ್ತದೆ. ಮೊದಲ ಸಲ ಎಲ್ಲರ ಹಾಗೆ ಬೆರಳುದ್ದದ ಮರಿ 50,000 ಬಿಟ್ಟೆ. ನೀರುಕಾಗೆ ತಿಂದವು, ಕೊರವ ಮೀನು ತಿಂದಿತು. ಉಳಿದವು 200 ಗ್ರಾಂಗೆ ನಿಂತುಬಿಟ್ಟವು. ಒಂದೂವರೆ ಟನ್ ಸಿಕ್ಕಿತು, ಕೆಜಿಗೆ 60 ರೂಪಾಯಿ. ಗುತ್ತಿಗೆ, ಕಾವಲು, ಬಲೆ ಕೂಲಿ ಎಲ್ಲ ಕಳೆದು ಹತ್ತಿರ ಹತ್ತಿರ ಲಕ್ಷ ಹೋಯಿತು.

ಮೇವು ಸಾಲದು ಅಂದುಕೊಂಡು ಎರಡನೇ ವರ್ಷ ಹತ್ತು ಟ್ರಾಕ್ಟರ್ ಕೋಳಿಗೊಬ್ಬರ ಸುರಿಸಿದೆ. ನೀರು ಇಳಿದಿತ್ತು, ಮೇಲೆ ಮೂರು ದಿನ ಮೋಡ. ನೀರು ಪಾಚಿಗಟ್ಟಿ ಕಡು ಹಸಿರಾಯಿತು. ನಾಲ್ಕನೇ ದಿನ ಬೆಳಗಿನ ಜಾವ ನೀರಲ್ಲಿ ಆಮ್ಲಜನಕ ಸಾಲದೆ ಮೀನೆಲ್ಲ ಮೇಲೆ ಬಂದು ಬಾಯಿ ಬಿಡುತ್ತಿದ್ದವು. ಮಧ್ಯಾಹ್ನಕ್ಕೆ ದಡವೆಲ್ಲ ವಾಸನೆ. ಆ ವರ್ಷದ ಲೆಕ್ಕ ಬೇಡ ಬಿಡಿ.

ಆಂಧ್ರದ ಕೊಲ್ಲೇರು ಕಡೆಯವರು ಮರಿಯನ್ನು ವರ್ಷ ಪೂರ್ತಿ ಒತ್ತೊತ್ತಾಗಿ, ಅರೆಹೊಟ್ಟೆಯಲ್ಲಿ ಇಟ್ಟು ಆಮೇಲೆ ದೊಡ್ಡ ನೀರಿಗೆ ಬಿಡುತ್ತಾರೆ. ಹಸಿದ ಮರಿ ಅಲ್ಲಿ ಮೇವು ಸಿಕ್ಕಾಗ ಬೇಗ ಬೆಳೆಯುತ್ತದೆ. ಅದನ್ನೇ ಮಾಡಿದೆ. ಅರ್ಧ ಎಕರೆ ಹೊಂಡಕ್ಕೆ 15,000 ಮರಿ. ಕಾಟ್ಲಾ ಜಾಸ್ತಿ, ರೋಹು, ಮೃಗಾಲ್ ಕಡಿಮೆ. ತೌಡು, ಸ್ವಲ್ಪ ಕಡಲೆಕಾಯಿ ಹಿಂಡಿ. ಅದಕ್ಕೇ ಸುಮಾರು 30,000 ಖರ್ಚಾಯಿತು. ಎಷ್ಟು ದಿನಕ್ಕೊಮ್ಮೆ ಹಾಕಿದೆ, ಯಾವಾಗ ನಿಲ್ಲಿಸಿದೆ ಅನ್ನೋದು ನನ್ನಲ್ಲೇ ಇರಲಿ. ಎರಡು ವರ್ಷದ ನಷ್ಟ ಕೊಟ್ಟು ಕಲಿತದ್ದು ಅಲ್ವಾ!

ಮುಂದಿನ ಮಳೆಗೆ ಕೆರೆಗೆ ಬಿಟ್ಟದ್ದು ಬರೀ 8,000. ಬೇಸಿಗೆಯಲ್ಲೇ ಕೆರೆಯ ಒಣ ಅಂಗಳದಲ್ಲಿ ಗೊಬ್ಬರಕ್ಕೆಂದು ಕುರಿಮಂದೆ ನಿಲ್ಲಿಸಿದ್ದೆ. ನೀರು ಬಂದು ಹದಿನೈದು ದಿನಕ್ಕೆ ಬಟ್ಟೆಯಲ್ಲಿ ಸೋಸಿದರೆ ಸಣ್ಣ ಹುಳ ಗಿಜಿಗಿಜಿ. ಕಾಟ್ಲಾಕ್ಕೆ ಇನ್ನೇನು ಬೇಕು? ಹಸಿದಿದ್ದ ಮೀನು, ಬಾಯಿ ಕಡಿಮೆ. ಅಂಗೈ ಅಗಲದ ಮರಿ ನೀರುಕಾಗೆಯ ಗಂಟಲಿಗೂ ಸುಲಭಕ್ಕೆ ಇಳಿಯಲಿಲ್ಲ. ಮೊಣಕೈವರೆಗೆ ಕೈ ಅದ್ದಿ ಅಂಗೈ ಮಸುಕಾಗಿ ಕಂಡರೆ ನೀರಲ್ಲಿ ಮೇವಿದೆ ಅಂತ ಸುಮ್ಮನಿದ್ದೆ. ಸ್ಪಷ್ಟವಾಗಿ ಕಂಡರೆ ಮಾತ್ರ ಎರಡು ಗಾಡಿ ಸಗಣಿ.

ನಡುವೆ ರಾತ್ರಿ ಸೋಲಾರ್ ಬಲ್ಬ್ ಕಟ್ಟಿ ಹುಳ ಬೀಳಿಸಿ ನೋಡಿದೆ. ಬೇಡದ ಜಿಲೇಬಿ ಮೀನು (ತಿಲಾಪಿಯಾ) ಕೊಬ್ಬಿದ್ದೇ ಬಂತು. ಬಲ್ಬೂ ಕಳುವಾಯಿತು.

ಕೊನೆಗೆ ಐದು ಟನ್‌ಗೆ ಸ್ವಲ್ಪ ಕಡಿಮೆ ಬಂತು. ಕಾಟ್ಲಾ ಹೆಚ್ಚಿನವು ಕೆಜಿ ಮೇಲೆ, ಒಂದು ಎರಡೂಕಾಲು ತೂಗಿತು. ಮೀನು ದಪ್ಪ ಇದ್ದದ್ದಕ್ಕೆ ದರ 100 ದಾಟಿತು. ಖರ್ಚೆಲ್ಲ ಕಳೆದು ಮೂರು ಲಕ್ಷ ಉಳಿಯಿತು, ಹಳೇ ಸಾಲವೂ ತೀರಿತು.

ಹೊಂಡದಲ್ಲಿ ಮತ್ತೆ ಮರಿ ಇವೆ. ಪಕ್ಕದ ಕೆರೆ ಗುತ್ತಿಗೆ ಹಿಡಿದವರು, ಮೊದಲು ನಕ್ಕವರೇ, 2,000 ಮರಿ ಕೇಳಿದ್ದಾರೆ. ಒಂದಕ್ಕೆ 15 ರೂಪಾಯಿ ಅಂದಿದ್ದೇನೆ, ಅವರು 10ಕ್ಕೇ ನಿಂತಿದ್ದಾರೆ.