ನಿಶಿಕಸಾಯ್ ಬಿಟ್ಟು ಮಿತಾಕಾ ಸೇರಿದ ನನ್ನ ಅನುಭವ

ಟೋಕಿಯೋದ ಆ ತುದಿಯಿಂದ ಈ ತುದಿಗೆ, ಅಂದ್ರೆ ನಮ್ಮ ಭಾರತೀಯರು ತುಂಬಾ ಇರೋ ಪೂರ್ವದ ನಿಶಿಕಸಾಯ್‌ನಿಂದ ಪಶ್ಚಿಮದ ಮಿತಾಕಾಗೆ, ಸದ್ದಿಲ್ಲದ ಜಾಗ ಬೇಕು ಅಂತ ಬಂದು ಎರಡು ವರ್ಷ ಆಯ್ತು. ಹೊರಡುವಾಗ ಗೆಳೆಯರೆಲ್ಲ "ಆರು ತಿಂಗಳಲ್ಲಿ ವಾಪಸ್ ಬರ್ತೀಯ, ಅಲ್ಲಿ ಮಾತಾಡೋಕೂ ಯಾರೂ ಸಿಗಲ್ಲ" ಅಂದಿದ್ದರು. ಈಗ ಅವರಲ್ಲೇ ಇಬ್ಬರು ಹೇಗೆ ಮಾಡಿದೆ ಅಂತ ಕೇಳುತ್ತಿದ್ದಾರೆ. ಅದಕ್ಕೇ ಬರೆಯುತ್ತಿದ್ದೇನೆ.

ಮೊದಲು ಎಡವಿದ್ದು ಮಿತಾಕಾಗಿಂತ ಮುಂಚೆ ಹಿಡಿದ ಮನೆಯಲ್ಲಿ, ಟೋಕಿಯೋ ಪಶ್ಚಿಮದ ಓಗಿಕುಬೊದಲ್ಲಿ. ಭಾನುವಾರ ಮಧ್ಯಾಹ್ನ ಹೋಗಿ ನೋಡಿದೆ, ಬೀದಿ ತಣ್ಣಗಿತ್ತು, ಅಲ್ಲೇ ಒಪ್ಪಿಕೊಂಡೆ. ಕಟ್ಟಡ ಮರದ್ದು ಅಂತ ಕಾಗದದಲ್ಲಿ ಬರೆದೇ ಇತ್ತು, ನಾನು ಲೆಕ್ಕಕ್ಕೆ ತಗೊಳ್ಳಲಿಲ್ಲ. ಮೇಲಿನ ಮನೆಯವರು ರಾತ್ರಿ ಒಂದಕ್ಕೆ ಕೆಲಸದಿಂದ ಬಂದು ಬಟ್ಟೆ ಒಗೆಯಲು ಹಾಕುತ್ತಿದ್ದರು, ನನ್ನ ತಲೆದಿಂಬು ನಡುಗುತ್ತಿತ್ತು. 14 ಸಾವಿರ ಯೆನ್ ಕೊಟ್ಟು ಸದ್ದು ತಡೆಯೋ ಪರದೆ ಹಾಕಿದೆ. ಸದ್ದು ಬರುತ್ತಿದ್ದದ್ದು ಮೇಲಿಂದ, ಪರದೆ ಏನು ಮಾಡೀತು? ಏಳೇ ತಿಂಗಳಿಗೆ ಬಿಟ್ಟೆ. ಬಾಡಿಗೆ ಒಂದು ಲಕ್ಷದ ಆಸುಪಾಸು. ರೇಕಿನ್ (ಮನೆ ಮಾಲೀಕರಿಗೆ ಕೊಡೋ, ವಾಪಸ್ ಬರದ ದುಡ್ಡು) ಒಂದು ತಿಂಗಳು, ಏಜೆಂಟ್‌ಗೆ ಒಂದು ತಿಂಗಳು ಪ್ಲಸ್ ತೆರಿಗೆ, ಬಾಡಿಗೆಗೆ ಜಾಮೀನು ನಿಲ್ಲೋ ಗ್ಯಾರಂಟಿ ಕಂಪನಿಗೆ ಅರ್ಧ, ಬೇಗ ಬಿಟ್ಟಿದ್ದಕ್ಕೆ ದಂಡ ಇನ್ನೊಂದು ತಿಂಗಳು. ಬೀಗ, ವಿಮೆ ಸೇರಿ ನಾಲ್ಕು ಲಕ್ಷದ ಮೇಲೆ ಹೋಯ್ತು. ಆ ದುಡ್ಡು ನೆನೆಸಿಕೊಂಡರೆ ಈಗಲೂ ಹೊಟ್ಟೆ ಉರಿಯುತ್ತದೆ.

ಎರಡನೇ ಸಲ ಮನೆಗಿಂತ ಮೊದಲು ನಕ್ಷೆ ನೋಡಿದೆ. ಊರಿನ ಯಾವ ಜಾಗದಲ್ಲಿ ಏನು ಕಟ್ಟಬಹುದು ಅನ್ನೋ ವಲಯ ನಕ್ಷೆಯನ್ನು ಹೆಚ್ಚಿನ ನಗರಸಭೆಗಳು ಆನ್‌ಲೈನ್‌ನಲ್ಲಿ ಇಟ್ಟಿರುತ್ತವೆ, ನಮ್ಮವರು ಅದನ್ನು ತೆರೆಯೋದೇ ಇಲ್ಲ. 'ಇಶ್ಶು ತೇಯ್ಸೋ' ಅನ್ನೋ, ತಗ್ಗು ಮನೆಗಳಿಗೇ ಮೀಸಲಾದ ವಲಯದಲ್ಲಿ ಕಟ್ಟಡ 10 ಅಥವಾ 12 ಮೀಟರ್ ದಾಟುವಂತಿಲ್ಲ, ಮಾಮೂಲಿ ಕೊಂಬಿನಿಗೂ (ರಾತ್ರಿಯೂ ತೆರೆದಿರೋ ಸಣ್ಣ ಅಂಗಡಿ) ಸಾಧಾರಣವಾಗಿ ಅವಕಾಶವಿಲ್ಲ. ನಮ್ಮ ಕಿಟಕಿ ಅಂಥ ಜಾಗಕ್ಕೆ ಮುಖ ಮಾಡಿರಬೇಕು, ಕಟ್ಟಡ ಮಾತ್ರ ಕಾಂಕ್ರೀಟಿಂದೇ ಆಗಿರಬೇಕು ಅಂತ ಹಟ ಹಿಡಿದೆ.

ಇಷ್ಟವಾದ ಜಾಗಕ್ಕೆ ಮೂರು ಸಲ ಹೋಗಿ ನಿಂತೆ: ವಾರದ ದಿನ ಬೆಳಿಗ್ಗೆ ಏಳಕ್ಕೆ, ಶುಕ್ರವಾರ ರಾತ್ರಿ ಹನ್ನೊಂದಕ್ಕೆ, ಒಮ್ಮೆ ಮಳೆಯಲ್ಲಿ. ಮಳೆಯಲ್ಲಿ ಟೈರಿನ ಸದ್ದು ಜಾಸ್ತಿ, ದೊಡ್ಡ ರಸ್ತೆ ಎಷ್ಟು ಹತ್ತಿರ ಇದೆ ಅಂತ ಆಗಲೇ ಗೊತ್ತಾಗೋದು. ಫೋನಿನ ಆ್ಯಪ್ ಶುಕ್ರವಾರ ರಾತ್ರಿ 38, 40 ಡೆಸಿಬೆಲ್ ತೋರಿಸಿತು. ವಸತಿ ಪ್ರದೇಶಕ್ಕೆ ಜಪಾನಿನ ರಾತ್ರಿಯ ಮಿತಿ 45. ಆ್ಯಪ್ ಪಕ್ಕಾ ಅಲ್ಲ, ಎರಡು ಜಾಗ ಹೋಲಿಸೋಕೆ ಸಾಕು. ಸ್ಟೇಷನ್ ಹತ್ತಿರ ಒಂದು ರಾತ್ರಿ ಹೋಟೆಲಲ್ಲೂ ಮಲಗಿ ನೋಡಿದೆ. ಅದರಿಂದ ಏನೂ ಗೊತ್ತಾಗಲಿಲ್ಲ, ಮಾಡಬೇಡಿ.

ಕೊನೆಗೆ ಸಿಕ್ಕಿದ್ದು ಯುಆರ್ ಮನೆ, ಅಂದ್ರೆ ಸರ್ಕಾರಿ ಸಂಸ್ಥೆಯೊಂದು ಬಾಡಿಗೆಗೆ ಕೊಡೋ ಮನೆ. ರೇಕಿನ್ ಇಲ್ಲ, ಏಜೆಂಟ್ ಇಲ್ಲ, ಗ್ಯಾರಂಟಿ ಇಲ್ಲ, ಎರಡು ತಿಂಗಳ ಠೇವಣಿ ಅಷ್ಟೆ. ಬಾಡಿಗೆ 15 ಸಾವಿರದಷ್ಟು ಜಾಸ್ತಿ, ಆದರೂ ಮೊದಲ ವರ್ಷದ ಲೆಕ್ಕ ಹಾಕಿದರೆ ನನಗೇ ಲಾಭ. ಮೊದಲು ಬಂದವರಿಗೆ ಮನೆ. ಖಾಲಿ ಮನೆಗಳ ಪಟ್ಟಿಯನ್ನು ಯಾವ ವಾರ, ಎಷ್ಟು ಗಂಟೆಗೆ ನೋಡುತ್ತಿದ್ದೆ ಅನ್ನೋದನ್ನು ಮಾತ್ರ ಹೇಳಲ್ಲ, ತಂಗಿ ಕುಟುಂಬಕ್ಕೆ ಇನ್ನೂ ಹುಡುಕುತ್ತಿದ್ದೇನೆ.

ಆಫೀಸ್ ಟೋಕಿಯೋ ನಡುವಿನ ಓತೆಮಾಚಿಯಲ್ಲಿ. ದೂರ ಆಗಲ್ವಾ ಅಂತ ಎಲ್ಲರೂ ಕೇಳಿದರು. 2019ರಲ್ಲಿ ನಿಶಿಕಸಾಯ್‌ನಿಂದ ಹೋಗೋ ತೋಝಾಯ್ ಲೈನಿನಲ್ಲಿ, ದಾರಿಯ ಕಿಬಾ ಸ್ಟೇಷನ್ ಹತ್ತಿರ ಬೆಳಗಿನ ಜನದಟ್ಟಣೆ ರೈಲಿನ ಸಾಮರ್ಥ್ಯದ 199 ಪರ್ಸೆಂಟ್ ಇತ್ತು, ಅದರಲ್ಲಿ ನಾನೂ ಒಬ್ಬ. ಅದೇ ಲೈನಿನ ರೈಲು ಮಿತಾಕಾದಲ್ಲಿ ಖಾಲಿ ಹೊರಡುತ್ತದೆ. ಒಂದು ರೈಲು ಬಿಟ್ಟು ಇನ್ನೊಂದಕ್ಕೆ ಸಾಲು ನಿಂತರೆ ಸೀಟು ಸಿಗುತ್ತದೆ, ಕೂತೇ ಹೋಗುತ್ತೇನೆ.

ಜನರ ವಿಷಯ ನಿಧಾನ. ಅಕ್ಕಪಕ್ಕ, ಮೇಲೆ ಕೆಳಗೆ, ಒಟ್ಟು ಐದು ಮನೆಗೆ ಪರಿಚಯದ ಕಾಣಿಕೆ ಅಂತ 500 ಯೆನ್‌ನ ಡಿಟರ್ಜೆಂಟ್ ಹಿಡಿದು ಹೋದೆವು. ಮಂಗಳವಾರ ರಾತ್ರಿ ಎಂಟಕ್ಕೆ ಒಬ್ಬರೂ ಬಾಗಿಲು ತೆಗೆಯಲಿಲ್ಲ. ಶನಿವಾರ ಹನ್ನೊಂದಕ್ಕೆ, ಹೆಸರು, ಮನೆ ನಂಬರ್ ಬರೆದ ಚೀಟಿ ಅಂಟಿಸಿಕೊಂಡು ಹೋದಾಗ ನಾಲ್ಕು ಮನೆಯವರು ತೆಗೆದರು. ಮೊದಲ ವಾರ ನಮ್ಮ ಕಸ ಅಲ್ಲೇ ಉಳಿಯಿತು, ಮೇಲೊಂದು ಸ್ಟಿಕ್ಕರ್. ಇಲ್ಲಿ ನಗರಸಭೆಯ ಚೀಲವನ್ನೇ ದುಡ್ಡು ಕೊಟ್ಟು ತರಬೇಕು, ನಿಶಿಕಸಾಯ್ ಇರೋ ಎದೊಗಾವಾ ವಾರ್ಡಿನಲ್ಲಿ ಆ ಪದ್ಧತಿ ಇರಲಿಲ್ಲ. ಎರಡನೇ ಮಹಡಿಯ ಅಜ್ಜಿ ತಮ್ಮದೇ ಎರಡು ಚೀಲ ತಂದುಕೊಟ್ಟರು. ಈಗ ಕಟ್ಟಡದ ಸುತ್ತ ಹುಲ್ಲು ಕೀಳೋ ದಿನ ನಮ್ಮ ಬಾಗಿಲು ಮೊದಲು ಬಡಿಯೋದು ಅವರೇ.