ಪ್ರಕಾಶನ ಮತ್ತು ಬರವಣಿಗೆಯಲ್ಲಿ ಸ್ನಾತಕೋತ್ತರ ಅಧ್ಯಯನ: ಅರ್ಜಿಗೆ ಮುನ್ನ

ಸ್ವತಃ ಬರೆಯುವುದನ್ನು ಕಲಿಯಬೇಕೋ, ಬೇರೊಬ್ಬರು ಬರೆದದ್ದನ್ನು ಪುಸ್ತಕವಾಗಿಸುವುದನ್ನು ಕಲಿಯಬೇಕೋ ಎಂಬುದನ್ನು ಅರ್ಜಿ ತುಂಬುವ ಮೊದಲೇ ನಿಶ್ಚಯಿಸಿಕೊಳ್ಳಿ. ಅಮೆರಿಕದ ಅಯೋವಾ ವಿಶ್ವವಿದ್ಯಾಲಯದಲ್ಲಿ 1936ರಲ್ಲಿ ಆರಂಭವಾದ ಬರಹಗಾರರ ಕಾರ್ಯಾಗಾರವೂ ಇಂಗ್ಲೆಂಡಿನ ಈಸ್ಟ್ ಆಂಗ್ಲಿಯಾ ವಿಶ್ವವಿದ್ಯಾಲಯ 1970ರಲ್ಲಿ ತೆರೆದ ಸೃಜನಶೀಲ ಬರವಣಿಗೆಯ ಎಂ.ಎ. ಪದವಿಯೂ ಮೊದಲನೆಯ ಬಗೆಯವು. ಅಂಥಲ್ಲಿ ನಿಮ್ಮ ಹಸ್ತಪ್ರತಿಯನ್ನು ಸಹಪಾಠಿಗಳು ಓದಿ, ನಿಮ್ಮೆದುರೇ ಚರ್ಚಿಸುತ್ತಾರೆ. ಆಕ್ಸ್‌ಫರ್ಡ್ ಬ್ರೂಕ್ಸ್ ವಿಶ್ವವಿದ್ಯಾಲಯದ ಪ್ರಕಾಶನ ಎಂ.ಎ. ಎರಡನೆಯ ಬಗೆಯದು. ಬಾಸ್ಟನ್ನಿನ ಎಮರ್ಸನ್ ಕಾಲೇಜಿನ ಪದವಿಯ ಹೆಸರಿನಲ್ಲಿ ಪ್ರಕಾಶನ, ಬರವಣಿಗೆ ಎರಡೂ ಇವೆ. ಹೆಸರನ್ನಷ್ಟೇ ನೋಡಿ ತೀರ್ಮಾನಿಸದೆ, ಪಠ್ಯಕ್ರಮವನ್ನು ವಿಷಯವಾರು ಓದಿ.

ಪ್ರಕಾಶನದ ತರಗತಿಯಲ್ಲಿ ಸಂಪಾದನೆ, ಪುಟವಿನ್ಯಾಸ, ಹಕ್ಕುಸ್ವಾಮ್ಯ, ಮಾರಾಟಗಳ ಜೊತೆಗೆ ಲೆಕ್ಕಾಚಾರವೂ ಇರುತ್ತದೆ. ಒಂದು ದೊಡ್ಡ ಹಾಳೆಯಲ್ಲಿ ಒಟ್ಟಿಗೆ ಅಚ್ಚಾಗಿ ಮಡಚಲ್ಪಡುವ ಪುಟಗಳ ಗುಂಪನ್ನು ಮುದ್ರಣದಲ್ಲಿ ಫಾರಂ ಎನ್ನುತ್ತಾರೆ; 16 ಪುಟಗಳ ಫಾರಂ ಲೆಕ್ಕದಲ್ಲಿ 12 ಫಾರಂಗಳಿಗೆ 192 ಪುಟಗಳಾಗುತ್ತವೆ. ಹಸ್ತಪ್ರತಿ 195 ಪುಟಕ್ಕೆ ನಿಂತರೆ ಆ ಮೂರು ಪುಟಗಳಿಗಾಗಿ ಇನ್ನೊಂದು ಫಾರಂ ಸೇರಿಸಬೇಕೇ, ಅಕ್ಷರದ ಅಳತೆಯನ್ನು ತುಸು ತಗ್ಗಿಸಬೇಕೇ, ಮುನ್ನುಡಿಯನ್ನು ಮೊಟಕುಗೊಳಿಸುವಂತೆ ಲೇಖಕರನ್ನು ಕೇಳಬೇಕೇ ಎಂದು ಯೋಚಿಸುವುದರಲ್ಲಿ ನಿಮಗೆ ಸಂತೋಷ ಸಿಗುವುದಾದರೆ ಈ ಓದು ನಿಮಗೆ ಒಗ್ಗುತ್ತದೆ.

ಅರ್ಜಿಯಲ್ಲಿ ಹೆಚ್ಚು ಸಮಯ ಬೇಡುವುದು ಬರಹದ ಮಾದರಿ. ಕೇಳಿದ ಪುಟಮಿತಿಯನ್ನು ಮೀರಬೇಡಿ. ಹಲವು ತುಣುಕುಗಳನ್ನು ಜೋಡಿಸುವುದಕ್ಕಿಂತ ಚೆನ್ನಾಗಿ ತಿದ್ದಿದ ಒಂದೇ ಬರಹ ಲೇಸೆಂಬುದು ನನ್ನ ಅಭಿಪ್ರಾಯ. ಸಂಪಾದನೆಯ ಮಾದರಿಗೂ ಅವಕಾಶವಿದ್ದರೆ ಮೂಲವನ್ನೂ ತಿದ್ದಿದ್ದನ್ನೂ ಕಾರಣದೊಂದಿಗೆ ಕೊಡಿ. “ಅವನು ತನ್ನ ತಲೆಯನ್ನು ಆಡಿಸುವ ಮೂಲಕ ಒಪ್ಪಿಗೆಯನ್ನು ಸೂಚಿಸಿದನು” ಎಂಬುದನ್ನು “ಅವನು ತಲೆಯಾಡಿಸಿ ಒಪ್ಪಿದ” ಎಂದು ತಿದ್ದಿದ್ದೀರೆನ್ನಿ. ತಲೆಯಾಡಿಸುವುದು ನಿರಾಕರಣೆಯೂ ಆಗಬಹುದಾದ್ದರಿಂದ “ಒಪ್ಪಿದ” ಎಂಬುದನ್ನು ಉಳಿಸಿಕೊಂಡೆ ಎಂಬ ಒಂದು ಸಾಲಿನ ಟಿಪ್ಪಣಿ ನಿಮ್ಮ ವಿವೇಚನೆಯನ್ನು ತೋರಿಸುತ್ತದೆ.

ಉದ್ದೇಶ ಪತ್ರದಲ್ಲಿ ಪುಸ್ತಕಪ್ರೀತಿಯನ್ನು ಬಣ್ಣಿಸುವುದಕ್ಕಿಂತ ಮಾಡಿದ ಕೆಲಸವನ್ನು ಹೇಳಿ: ಕರಡು ತಿದ್ದಿದ್ದು, ಸಂಚಿಕೆಯೊಂದನ್ನು ರೂಪಿಸಿದ್ದು, ಅನುವಾದಿಸಿದ್ದು. ಶಿಫಾರಸು ಪತ್ರಗಳನ್ನು ನಿಮ್ಮ ಬರಹವನ್ನು ನಿಜವಾಗಿ ಓದಿದವರಿಂದಲೇ ಪಡೆಯಿರಿ.

ಶುಲ್ಕದ ವಿಚಾರದಲ್ಲಿ ಸಂಕೋಚ ಬೇಡ. ಅಮೆರಿಕದಲ್ಲಿ ಸೃಜನಶೀಲ ಬರವಣಿಗೆಯ ಎಂ.ಎಫ್.ಎ. (ಮಾಸ್ಟರ್ ಆಫ್ ಫೈನ್ ಆರ್ಟ್ಸ್) ಎಂಬ ಸ್ನಾತಕೋತ್ತರ ಪದವಿ ನೀಡುವ ಕೆಲವು ವಿಭಾಗಗಳು ಬೋಧನಾ ಸಹಾಯಕ ಹುದ್ದೆಯೊಂದಿಗೆ ಶುಲ್ಕ ವಿನಾಯಿತಿ ಕೊಡುತ್ತವೆ. ಆ ನೆರವು ಎಷ್ಟು ವರ್ಷಗಳಿಗೆ ಎಂಬುದನ್ನು ಲಿಖಿತವಾಗಿ ಕೇಳಿ ತಿಳಿದುಕೊಳ್ಳಿ. ಪ್ರಕಾಶನ ಸಂಸ್ಥೆಯಲ್ಲಿ ತರಬೇತಿಗೆ ಅವಕಾಶವಿದೆಯೇ, ಇದ್ದರೆ ಅದಕ್ಕೆ ವೇತನವಿದೆಯೇ ಎಂಬುದನ್ನೂ ಅದೇ ಪತ್ರದಲ್ಲಿ ವಿಚಾರಿಸಬಹುದು.