ಬೆಳಕೂ ಬೇಕು, ರಸ್ತೆಯವರ ಕಣ್ಣೂ ಬೀಳಬಾರದು: ಹಾಲ್ ಕಿಟಕಿಗೆ ಸಿಕ್ಕ ಪರಿಹಾರ

ಮೈಸೂರಿನ ಕುವೆಂಪುನಗರದ ಮನೆ. ರಸ್ತೆಯಿಂದ ಹತ್ತೇ ಅಡಿಗೆ ಹಾಲ್ ಕಿಟಕಿ, 4 ಅಡಿಗೆ 4 ಅಡಿ. ಪರದೆ ಎಳೆದರೆ ಹಗಲಲ್ಲೇ ಲೈಟ್ ಹಾಕಬೇಕು, ಸರಿಸಿದರೆ ಸೋಫಾದಲ್ಲಿ ಕೂತವರು ಹೋಗಿ ಬರುವವರಿಗೆಲ್ಲ ಕಾಣುತ್ತಾರೆ.

ಮೊದಲು ಕನ್ನಡಿ ಫಿಲ್ಮ್ ಅಂಟಿಸಿದ್ದಾಯಿತು. ಹಗಲು ಸರಿ, ಸಂಜೆ ಲೈಟ್ ಹಾಕಿದ ಕೂಡಲೇ ಉಲ್ಟಾ. ಬೆಳಕು ಹೆಚ್ಚಿರುವ ಕಡೆಯವರಿಗೆ ಮಾತ್ರ ಅದು ಕನ್ನಡಿ. ತೆಳು ನೆಟ್ ಪರದೆಯ ಪಾಡೂ ಅಷ್ಟೇ. ಅಡ್ಡಪಟ್ಟಿ ಬ್ಲೈಂಡ್ಸ್ ಗಾಳಿಗೆ ಗ್ರಿಲ್‌ಗೆ ಬಡಿಯುತ್ತಿತ್ತು.

ಕೊನೆಗೆ ಕೆಲಸ ಮಾಡಿದ್ದು, ಗಾಜಿನ ಕೆಳಗಿನ 30 ಇಂಚಿಗೆ ಮಾತ್ರ ಫ್ರಾಸ್ಟೆಡ್ ಫಿಲ್ಮ್, ಅಂದರೆ ಬೆಳಕು ಬಿಟ್ಟು ನೋಟ ಮಸುಕು ಮಾಡುವ ಅಂಟುಹಾಳೆ. ಕಿಟಕಿಯ ಕಟ್ಟೆ ನೆಲದಿಂದ 3 ಅಡಿ ಇದ್ದುದರಿಂದ ಮರೆ ಐದೂವರೆ ಅಡಿಗೆ ಬಂತು. ಮೇಲಿನ 18 ಇಂಚು ಖಾಲಿ, ಆಕಾಶದ ಬೆಳಕು ಅಲ್ಲಿಂದ ನೇರ ಹಾಲ್ ಒಳಗೆ ಬರುತ್ತದೆ.

ಕಿಟಕಿಯ ಸ್ಲೈಡಿಂಗ್ ಬಾಗಿಲನ್ನು ಮೇಲೆತ್ತಿ ಟ್ರ್ಯಾಕಿನಿಂದ ಬಿಡಿಸಿ, ಮಲಗಿಸಿಕೊಂಡು ಅಂಟಿಸಿ. ಒಂದು ಲೀಟರ್ ನೀರಿಗೆ ನಾಲ್ಕೈದು ಹನಿ ಶಾಂಪೂ. ಗಾಜಿಗೂ ಫಿಲ್ಮಿನ ಅಂಟಿನ ಬದಿಗೂ ಧಾರಾಳವಾಗಿ ಚಿಮುಕಿಸಿ, ರಬ್ಬರ್ ವೈಪರ್‌ನಿಂದ ನಡುವಿನಿಂದ ಅಂಚಿನ ಕಡೆಗೆ ನೀರು ತಳ್ಳಿ. ಸುತ್ತ 2 ಮಿ.ಮೀ. ಜಾಗ ಬಿಡಲೇಬೇಕು, ಬೀಡಿಂಗ್‌ಗೆ (ಗಾಜನ್ನು ಹಿಡಿದಿರುವ ಅಂಚುಪಟ್ಟಿಗೆ) ತಾಗಿದರೆ ಮೂಲೆ ಏಳುತ್ತದೆ. ಹೂವಿನ ಡಿಸೈನಿನ ಉಬ್ಬುತಗ್ಗು ಗಾಜಿಗೆ ಇದು ಹಿಡಿಯುವುದಿಲ್ಲ.

ರಾತ್ರಿ ಗಾಜಿನ ಹತ್ತಿರ ನಿಂತರೆ ನೆರಳು ಮೂಡುತ್ತದೆ, ಹಾಗಾಗಿ ದಪ್ಪ ಪರದೆಯೂ ಬೇಕು. ರಾಡ್ ಎರಡೂ ಕಡೆ 8 ಇಂಚು ಹೆಚ್ಚಿರಲಿ, ಹಗಲು ಬಟ್ಟೆ ಪೂರ್ತಿ ಗೋಡೆಗೆ ಸರಿಯುತ್ತದೆ. ಬಟ್ಟೆಯ ಅಗಲ ರಾಡಿನ ಎರಡರಷ್ಟು.